ಬೆವರು ಸರಿಯಾದರೆ ಮುಚ್ಚಳ ಏಕೆ ತಪ್ಪು?

ಪ್ರಶ್ನೆ: 16 ವರ್ಷದ ನನ್ನ ಮಗ ಇಲ್ಲಿನ ತಂಡವೊಂದರಲ್ಲಿ ವೇಗದ ಬೌಲರ್. ಹಿರಿಯ ಆಟಗಾರರು ಅವನ ಕೈಗೆ ಸೋಡಾ ಬಾಟಲಿಯ ಮುಚ್ಚಳ ಕೊಟ್ಟು, ಚೆಂಡಿನ ಒಂದು ಮಗ್ಗುಲನ್ನು ಕೆರೆಯಲು ಹೇಳಿದ್ದಾರೆ. ಎಲ್ಲರೂ ಮಾಡುವುದು ಇದನ್ನೇ ಎಂಬುದು ಅವರ ವಾದ. ಬೆವರು ಹಚ್ಚುವುದು ಸರಿಯಾದರೆ ಇದೇಕೆ ತಪ್ಪು ಎಂದು ಮಗ ಕೇಳುತ್ತಾನೆ. ಏನು ಹೇಳಲಿ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮಗನ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ; ಚೆಂಡಿನ ಎರಡು ಮಗ್ಗುಲುಗಳ ನಡುವೆ ವ್ಯತ್ಯಾಸ ತರುವುದೇ ಎರಡರ ಉದ್ದೇಶವೂ ಹೌದು. ಆದರೆ ಕ್ರಿಕೆಟ್‌ನ 41.3ನೇ ನಿಯಮದ ಪ್ರಕಾರ ಕೃತಕ ವಸ್ತು ಬಳಸದೆ ಹೊಳಪು ಕೊಡಬಹುದು, ಅಂಪೈರ್ ಕಣ್ಣೆದುರು ಮಣ್ಣು ತೆಗೆಯಬಹುದು. ನೆಲಕ್ಕೆ ಉಜ್ಜುವುದು, ಕೆರೆಯುವುದು, ಹೊಲಿಗೆ ಎತ್ತುವುದು ನಿಷಿದ್ಧ. ನಮ್ಮ ಭಾಗದ ಬಿಸಿಲಿಗೆ ಕಾದು ಬಿರುಸಾದ ಮೈದಾನಗಳಲ್ಲಿ ಚೆಂಡು ತಾನಾಗಿಯೇ ಸವೆಯುತ್ತದೆ. ಒಂದು ಮಗ್ಗುಲನ್ನು ನುಣುಪಾಗಿಯೂ ಇನ್ನೊಂದನ್ನು ಒಣಗಿದಂತೆಯೂ ಉಳಿಸಿಕೊಳ್ಳುವ ತಾಳ್ಮೆ ಮತ್ತು ವೇಗವಿದ್ದವನಿಗೆ ಹಳೆಯ ಚೆಂಡನ್ನು ಗಾಳಿಯಲ್ಲೇ ವಿರುದ್ಧ ದಿಕ್ಕಿಗೆ ಹೊರಳಿಸುವ ರಿವರ್ಸ್ ಸ್ವಿಂಗ್ ಕಲಿಯಲು ಮುಚ್ಚಳ ಬೇಕಿಲ್ಲ.

ಸರಿ–ತಪ್ಪಿನ ಗೆರೆ ಜರುಗುತ್ತದೆ ಎಂಬುದೂ ನಿಜ. ತಲೆಮಾರುಗಳಿಂದ ಹಚ್ಚುತ್ತಿದ್ದ ಎಂಜಲನ್ನು ಕೊರೊನಾ ಕಾಲದಲ್ಲಿ ನಿಷೇಧಿಸಿದ ಕ್ರಿಕೆಟ್‌ನ ಜಾಗತಿಕ ಆಡಳಿತ ಸಂಸ್ಥೆ ಐಸಿಸಿ, 2022ರಲ್ಲಿ ಆ ನಿಷೇಧವನ್ನು ಕಾಯಂಗೊಳಿಸಿತು. ಆದರೆ ಗೆರೆ ಎಲ್ಲಿದ್ದರೂ ಅದು ಎರಡೂ ತಂಡಗಳಿಗೆ ತಿಳಿದಿರುತ್ತದೆ. ಬೆವರನ್ನು ಎಲ್ಲರೆದುರು ಹಚ್ಚುತ್ತಾರೆ, ಮುಚ್ಚಳವನ್ನು ಜೇಬಿನಲ್ಲಿ ಬಚ್ಚಿಡುತ್ತಾರೆ.

ಹಿಂದೆ ಈ ತಪ್ಪು ಹಗುರವಾಗಿ ಕಳೆದುಹೋಗುತ್ತಿತ್ತು. 1994ರಲ್ಲಿ ಲಾರ್ಡ್ಸ್‌ನಲ್ಲಿ ಜೇಬಿನಲ್ಲಿ ಮಣ್ಣಿಟ್ಟುಕೊಂಡಿದ್ದ ಇಂಗ್ಲೆಂಡ್ ನಾಯಕ ಮೈಕ್ ಅಥರ್ಟನ್ ದಂಡ ತೆತ್ತು ನಾಯಕರಾಗಿಯೇ ಮುಂದುವರಿದರು. 2004ರಲ್ಲಿ ಬ್ರಿಸ್ಬೇನ್‌ನಲ್ಲಿ ಚೆಂಡಿಗೆ ಚೀಪುವ ಗುಳಿಗೆಯ ಅಂಟು ತಾಗಿಸಿದ್ದಕ್ಕೆ ನಮ್ಮ ರಾಹುಲ್ ದ್ರಾವಿಡ್ ಪಂದ್ಯ ಶುಲ್ಕದ ಅರ್ಧವನ್ನು ತೆತ್ತರು. ಅರಿಯದೆ ಆದದ್ದೆಂದು ತಂಡ ಹೇಳಿತಾದರೂ, ನಮ್ಮವರೆಂಬ ಕಾರಣಕ್ಕೆ ಅದನ್ನು ಇಲ್ಲಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಗಾಳಿ ಬದಲಾದದ್ದು 2018ರ ಮಾರ್ಚ್‌ನ ಕೇಪ್‌ಟೌನ್ ಟೆಸ್ಟ್‌ನಿಂದ. ಮರಳು ಕಾಗದ ಹಿಡಿದು ಕ್ಯಾಮೆರಾಗೆ ಸಿಕ್ಕಿಬಿದ್ದವರು ಆಸ್ಟ್ರೇಲಿಯಾ ತಂಡಕ್ಕೆ ಹೊಸಬರಾಗಿದ್ದ ಕ್ಯಾಮರೂನ್ ಬ್ಯಾಂಕ್ರಾಫ್ಟ್. ಸೂಚನೆ ಕೊಟ್ಟವರು ಉಪನಾಯಕ ಡೇವಿಡ್ ವಾರ್ನರ್. ನಾಯಕ ಸ್ಟೀವ್ ಸ್ಮಿತ್‌ಗೆ ಐಸಿಸಿ ವಿಧಿಸಿದ್ದು ಒಂದೇ ಟೆಸ್ಟ್‌ನ ನಿಷೇಧ. ಆದರೆ ಅವರದೇ ದೇಶದ ಜನ ಕೆರಳಿದರು. ಅಲ್ಲಿನ ಮಂಡಳಿ ಸ್ಮಿತ್ ಮತ್ತು ವಾರ್ನರ್ ಅವರನ್ನು 12 ತಿಂಗಳು, ಬ್ಯಾಂಕ್ರಾಫ್ಟ್ ಅವರನ್ನು 9 ತಿಂಗಳು ಹೊರಗಿಟ್ಟಿತು. ಅದೇ ವರ್ಷ ಐಸಿಸಿ ಗರಿಷ್ಠ ಶಿಕ್ಷೆಯನ್ನು 6 ಟೆಸ್ಟ್‌ಗಳಿಗೆ ಏರಿಸಿತು.

ಬ್ಯಾಂಕ್ರಾಫ್ಟ್ ನಿಂತಿದ್ದ ಜಾಗದಲ್ಲೇ ಇಂದು ನಿಮ್ಮ ಮಗ ನಿಂತಿದ್ದಾನೆ. ಹಿರಿಯರಿಗೆ ಒಲ್ಲೆ ಎನ್ನುವುದು ಆ ವಯಸ್ಸಿನಲ್ಲಿ ಕಷ್ಟ. ಆದ್ದರಿಂದ ಮುಚ್ಚಳವನ್ನು ನೀವೇ ಒಯ್ದು ನಾಯಕನಿಗೆ ಹಿಂದಿರುಗಿಸಿ ಮಾತನಾಡಿ. ಅಂಪೈರ್ ಕಣ್ಣಿಗೆ ಬಿದ್ದರೆ ಚೆಂಡು ಬದಲಾಗಬಹುದು, ಎದುರಾಳಿಗೆ 5 ರನ್ ಸೇರುತ್ತದೆ. ವರದಿಯಲ್ಲಿ ಬರೆಯುವುದು ಚೆಂಡು ಕೆರೆದ ಹುಡುಗನ ಹೆಸರನ್ನು.