ಹುಳುಕಡ್ಡಿಯ ಲ್ಯಾಬ್ ವರದಿಯಲ್ಲಿ ಟರ್ಬಿನಾಫಿನ್ 16, ಇಟ್ರಾಕೊನಜೋಲ್ 0.125 ಎಂದಿದೆ. 16 ಇರುವುದೇ ಒಳ್ಳೆಯ ಔಷಧವೇ?

ಅಲ್ಲ, ತದ್ವಿರುದ್ಧ. ಹುಳುಕಡ್ಡಿ ತರುವ ಶಿಲೀಂಧ್ರ ಯಾವ ಔಷಧಕ್ಕೆ ಮಣಿಯುತ್ತದೆ ಎಂದು ನೋಡುವ ಇದೇ ಪರೀಕ್ಷೆಯನ್ನು ಮೈಸೂರಿನ ಲ್ಯಾಬೊಂದರಲ್ಲಿ ಮಾಡುವವಳು ನಾನು. ಮಂಡ್ಯದಲ್ಲಿರುವ ನಿಮ್ಮ ತಂದೆಯವರು ಎಂಟು ತಿಂಗಳಿಂದ ಟರ್ಬಿನಾಫಿನ್ ನುಂಗಿದರೂ ತೊಡೆಸಂದಿನ ತುರಿಕೆ ಹೋಗಿಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಕಾರಣ ಆ 16ರಲ್ಲೇ ಇರಬಹುದು.

ಕಲೆಯ ಅಂಚಿನಿಂದ ಕೆರೆದ ಹೊಟ್ಟು ಕಪ್ಪು ಕಾಗದದ ಪೊಟ್ಟಣದಲ್ಲಿ ನಮ್ಮ ಕೈಗೆ ಬರುತ್ತದೆ. ಅದರಿಂದ ಶಿಲೀಂಧ್ರ ಬೆಳೆಯಲು ಕೆಲವೊಮ್ಮೆ ನಾಲ್ಕು ವಾರವೂ ಬೇಕು. ವರದಿ ತಡವಾಗುವುದು ಇದಕ್ಕೇ. ಆಮೇಲೆ 96 ಗುಳಿಗಳ ಪ್ಲೇಟು. ಮೊದಲ ಗುಳಿಯಲ್ಲಿ ಮಿಲಿಲೀಟರಿಗೆ 16 ಮೈಕ್ರೋಗ್ರಾಂ ಔಷಧವಿದ್ದರೆ ಮುಂದಿನದರಲ್ಲಿ 8, ಅದರ ಮುಂದೆ 4, ಹೀಗೆ ಅರ್ಧರ್ಧಕ್ಕೆ ಇಳಿಯುತ್ತದೆ. ಕೊನೆಯಲ್ಲೊಂದು ಗುಳಿಗೆ ಔಷಧವನ್ನೇ ಹಾಕುವುದಿಲ್ಲ. ಎಲ್ಲಕ್ಕೂ ಸಮನಾಗಿ ಬೀಜಕಣಗಳನ್ನು ಬಿಟ್ಟು, 35 ಡಿಗ್ರಿಯಲ್ಲಿ ನಾಲ್ಕು ದಿನ ಇಡುತ್ತೇವೆ. ತೆಗೆದು ಬೆಳಕಿಗೆ ಹಿಡಿದರೆ, ಔಷಧವಿಲ್ಲದ ಗುಳಿಯ ತಳದಲ್ಲಿ ಹಿಂಜಿದ ಹತ್ತಿಯಂತೆ ಬಿಳಿ ಎಳೆಗಳು ಕಾಣುತ್ತವೆ. ಅದಕ್ಕೆ ಹೋಲಿಸಿ, ಬೆಳವಣಿಗೆ ಶೇ. 80ರಷ್ಟಾದರೂ ತಗ್ಗಿದ ಅತಿ ಕಡಿಮೆ ಪ್ರಮಾಣವನ್ನು ಬರೆದುಕೊಳ್ಳುತ್ತೇವೆ. ನಿಮ್ಮ ವರದಿಯ ಸಂಖ್ಯೆ ಅದೇ.

ಟರ್ಬಿನಾಫಿನ್‌ಗೆ ಮಣಿಯುವ ಶಿಲೀಂಧ್ರ ಸಾಮಾನ್ಯವಾಗಿ 0.1ಕ್ಕಿಂತ ಕೆಳಗೇ ನಿಂತುಹೋಗುತ್ತದೆ. 16 ಬಹಳ ದೊಡ್ಡದು. ಶಿಲೀಂಧ್ರ ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸಲು ಬಳಸುವ ಕಿಣ್ವವೊಂದನ್ನು ಈ ಔಷಧ ಕಟ್ಟಿಹಾಕಬೇಕು. ಆ ಕಿಣ್ವದ ಜೀನ್ ಬದಲಾಗಿದ್ದರೆ ಔಷಧಕ್ಕೆ ಹಿಡಿತವೇ ಸಿಗುವುದಿಲ್ಲ. 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಪ್ರಭೇದದಲ್ಲಿ ಇಂಥ ಬದಲಾವಣೆ ಹೆಚ್ಚು. ನಮ್ಮ ದೇಶದಲ್ಲಿ ಅದು ವ್ಯಾಪಕವಾಗಿದೆ.

ಹಾಗೆಂದು 0.125 ನೋಡಿ ನೀವೇ ಇಟ್ರಾಕೊನಜೋಲ್ ಕೊಂಡು ಕೊಡಬೇಡಿ. ಒಂದು ಔಷಧದ ಸಂಖ್ಯೆಯನ್ನು ಇನ್ನೊಂದರದಕ್ಕೆ ಹೋಲಿಸಲಾಗದು, ಏಕೆಂದರೆ ಚರ್ಮಕ್ಕೆ ತಲುಪುವ ಪ್ರಮಾಣ ಒಂದೊಂದರದು ಒಂದೊಂದು. ಹೃದಯ ದುರ್ಬಲವಾಗಿರುವವರಿಗೆ ಇಟ್ರಾಕೊನಜೋಲ್ ಅಪಾಯ. ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ತಂದೆಯವರು ದಿನವೂ ನುಂಗುವ ಎಲ್ಲ ಮಾತ್ರೆಗಳ ವಿವರವನ್ನು ಚರ್ಮವೈದ್ಯರಿಗೆ ಹೇಳಿ.

ಇನ್ನೊಂದು ಮಾತು, ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಮನೆಯಲ್ಲಿ ಮೆಡಿಕಲ್ ಸ್ಟೋರಿನಿಂದ ಹಾಗೇ ತಂದ ಮುಲಾಮು ಇದೆಯೇ ನೋಡಿ. ಅದರ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತುರಿಕೆ ಎರಡೇ ದಿನದಲ್ಲಿ ತಣ್ಣಗಾಗಬಹುದು, ಆದರೆ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಆ ಟ್ಯೂಬನ್ನೂ ವರದಿಯ ಜೊತೆಗೆ ವೈದ್ಯರ ಮುಂದಿಡಿ.