ಸೈಡ್‌ಸ್ಟಿಕ್ ಪೂರ್ತಿ ಎಳೆದ್ರೂ ಎ320 ಸ್ಟಾಲ್ ಆಗಲ್ವಾ?

ಪೈಲಟ್ ಕೈಲಿರೋ ಸ್ಟಿಕ್ಕನ್ನ ಪೂರ್ತಿ ಹಿಂದಕ್ಕೆ ಎಳೆದು ಹಿಡ್ಕೊಂಡ್ರೆ ಏರ್‌ಬಸ್ ಎ320 ವಿಮಾನ ಸ್ಟಾಲ್ ಆಗಲ್ವಾ, ಅಂದ್ರೆ ರೆಕ್ಕೆ ಎತ್ತಿ ಹಿಡಿಯೋ ಬಲ ಕಳ್ಕೊಳ್ಳಲ್ವಾ ಅಂತ ಕೇಳಿದೀರಲ್ಲ, ನಾರ್ಮಲ್ ಲಾ (ಕಂಪ್ಯೂಟರಿನ ಎಲ್ಲ ರಕ್ಷಣೆಗಳೂ ಕೆಲಸ ಮಾಡ್ತಿರೋ ಮಾಮೂಲಿ ಸ್ಥಿತಿ) ಇರೋವರೆಗೂ ಆಗಲ್ಲ. ಯಾಕಂದ್ರೆ ಸ್ಟಿಕ್ಕಿಗೂ ಬಾಲದಲ್ಲಿದ್ದು ಮೂತಿಯನ್ನ ಮೇಲೆ ಕೆಳಗೆ ಮಾಡೋ ಎಲಿವೇಟರಿಗೂ ಮಧ್ಯೆ ಕೇಬಲ್ಲೇ ಇಲ್ಲ, ಪೈಲಟ್ ಎಳೆಯೋದು ಒಂದು ಬೇಡಿಕೆ ಅಷ್ಟೇ, ಅದರಲ್ಲಿ ಎಷ್ಟು ಕೊಡಬಹುದು ಅಂತ ಕಂಪ್ಯೂಟರ್ ನೋಡತ್ತೆ. ರೆಕ್ಕೆಗೆ ಗಾಳಿ ಬಡಿಯೋ ಕೋನ ಇದ್ಯಲ್ಲ, ಆ್ಯಂಗಲ್ ಆಫ್ ಅಟ್ಯಾಕ್, ಅದನ್ನ ಸ್ಟಾಲ್ ಆಗೋದಕ್ಕಿಂತ ಸ್ವಲ್ಪ ಕೆಳಗೇ ತಡೆದು ನಿಲ್ಲಿಸತ್ತೆ, ಜೊತೆಗೆ ಆಲ್ಫಾ ಫ್ಲೋರ್ ಅಂತ ಒಂದಿದೆ, ಎಂಜಿನ್ ಶಕ್ತಿ ಹೆಚ್ಚುಕಮ್ಮಿ ಮಾಡೋ ಥ್ರಸ್ಟ್ ಲಿವರ್ ಎಲ್ಲೇ ಇರ್ಲಿ ಎಂಜಿನ್ ಫುಲ್ ಪವರ್‌ಗೆ ಹೋಗತ್ತೆ. ವಾಲಿಸೋದೂ ಅಷ್ಟೇ, 67 ಡಿಗ್ರಿ ಮೇಲೆ ಬಿಡಲ್ಲ, 33 ದಾಟಿದ ಮೇಲೆ ಸ್ಟಿಕ್ ಬಿಟ್ರೆ ತಾನಾಗೇ 33ಕ್ಕೆ ವಾಪಸ್ ಬರತ್ತೆ.

ಆದ್ರೆ ನಾರ್ಮಲ್ ಲಾ ಇರೋವರೆಗೂ ಅಂದೆನಲ್ಲ, ನನ್ ಪ್ರಕಾರ ನಿಜವಾದ ವಿಷಯ ಇರೋದೇ ಅಲ್ಲಿ. ವೇಗದ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆ ಆಗದಿದ್ರೆ ಕಂಪ್ಯೂಟರ್ ತನ್ನ ಲೆಕ್ಕವನ್ನೇ ನಂಬೋ ಹಾಗಿಲ್ಲ, ಆಗ ಆಲ್ಟರ್ನೇಟ್ ಲಾಗೆ, ಅಂದ್ರೆ ಕೆಲವು ರಕ್ಷಣೆಗಳಿಲ್ಲದ ಸ್ಥಿತಿಗೆ ಇಳಿಯತ್ತೆ. 2009ರಲ್ಲಿ ಏರ್ ಫ್ರಾನ್ಸ್ 447, ಅದು ಎ330, ಅಟ್ಲಾಂಟಿಕ್ ಮೇಲೆ ವೇಗ ಅಳೆಯೋ ಪಿಟೋ ಟ್ಯೂಬಲ್ಲಿ ಐಸ್ ಕಟ್ಟಿ ಹೀಗೇ ಆಯ್ತು, ಸ್ಟಾಲ್ ವಾರ್ನಿಂಗ್ ಕೂಗ್ತಿತ್ತು, ಆದ್ರೆ ಸ್ಟಿಕ್ ಎಳೆಯೋದನ್ನ ತಡೆಯೋ ರಕ್ಷಣೆ ಇರ್ಲಿಲ್ಲ, ಪಾಪ 228 ಜನ ಹೋಗ್ಬಿಟ್ರು.

ಕಾಕ್‌ಪಿಟ್ ವಿಡಿಯೋ ನೋಡುವಾಗ ಪೈಲಟ್ ಮುಂದಿನ ಸ್ಕ್ರೀನಲ್ಲಿ 67 ಡಿಗ್ರಿ ಜಾಗದಲ್ಲಿರೋ ಪುಟಾಣಿ ಹಸಿರು ಜೋಡಿಗೆರೆ ಗಮನಿಸಿ, ರಕ್ಷಣೆ ಹೋದಾಗ ಅಲ್ಲಿ ಅಂಬರ್ ಬಣ್ಣದ X ಗುರುತು ಬರತ್ತೆ.