ಹಳೆ ಸ್ವಿಫ್ಟ್‌ಗೆ ಕೋನ್ ಫಿಲ್ಟರ್: ಸದ್ದಂತೂ ಗ್ಯಾರಂಟಿ, ಪಿಕಪ್?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಹತ್ತು–ಹದಿನೈದು ವರ್ಷ ದಾಟಿದ ಸಣ್ಣ ಕಾರಿಗೆ ಹೊರಗಿನ ಕಂಪನಿಯ ಏರ್ ಇಂಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಫಿಲ್ಟರ್ ಮತ್ತು ಪೈಪ್) ಹಾಕುವುದು. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ಕೊಟ್ಟಿದ್ದೇವೆ.

ನನ್ನದು 2007ರ ಪೆಟ್ರೋಲ್ ಸ್ವಿಫ್ಟ್, 1.3 ಲೀಟರ್ ಎಂಜಿನ್. ಏರ್ ಬಾಕ್ಸ್ (ಕಂಪನಿಯ ಫಿಲ್ಟರ್ ಇರುವ ಪೆಟ್ಟಿಗೆ) ಕಿತ್ತು ಕೋನ್ ಫಿಲ್ಟರ್ (ಪೆಟ್ಟಿಗೆಯಿಲ್ಲದ, ಶಂಕುವಿನಾಕಾರದ ಫಿಲ್ಟರ್) ಹಾಕಿದರೆ ಎಂಟು–ಹತ್ತು ಬಿಎಚ್‌ಪಿ ಏರುತ್ತದೆ ಎನ್ನುತ್ತಾರೆ ಅಂಗಡಿಯವರು. ನಿಜವೇ? — ದಾವಣಗೆರೆ

ಏರುವುದಿಲ್ಲ. ಈ ಎಂಜಿನ್ನಿನ ಒಟ್ಟು ಶಕ್ತಿಯೇ 87 ಬಿಎಚ್‌ಪಿ. ಅದರಲ್ಲಿ ಹತ್ತನೇ ಒಂದು ಭಾಗವನ್ನು ಏರ್ ಬಾಕ್ಸ್ ಹಿಡಿದಿಟ್ಟುಕೊಂಡಿದೆ ಎಂದರೆ ಅದನ್ನು ಮಾಡಿದವರಿಗೆ ಕೆಲಸ ಗೊತ್ತಿರಲಿಲ್ಲ ಎಂದಂತಾಯಿತು. 6000 ಆರ್‌ಪಿಎಂನಲ್ಲಿ ಈ ಎಂಜಿನ್ ನಿಮಿಷಕ್ಕೆ ಸುಮಾರು 3300 ಲೀಟರ್ ಗಾಳಿ ಎಳೆಯುತ್ತದೆ. ಹೊಸ ಪೇಪರ್ ಫಿಲ್ಟರ್‌ಗೆ ಇದು ಭಾರಿ ಹೊರೆಯೇನಲ್ಲ.

ಅಂಗಡಿಯವರನ್ನೂ ನಮ್ಮನ್ನೂ ನಂಬುವ ಬದಲು ನೀವೇ ಅಳೆದು ನೋಡಿ. 6 ಮಿ.ಮೀ. ಪಾರದರ್ಶಕ ಪೈಪ್ ಎರಡು ಮೂರು ಮೀಟರ್ ತಂದು, ಒಂದು ಹಲಗೆಗೆ ‘ಯು’ ಆಕಾರದಲ್ಲಿ ಕಟ್ಟಿ, ಬಣ್ಣದ ನೀರು ತುಂಬಿ. ಎರಡೂ ಕಡೆ ಅರ್ಧ ಮೀಟರ್ ಎತ್ತರ ಬೇಕು. ಫಿಲ್ಟರ್‌ಗೂ ಥ್ರಾಟಲ್‌ಗೂ (ಆಕ್ಸಿಲರೇಟರ್ ಒತ್ತಿದಂತೆ ತೆರೆದು ಗಾಳಿ ಬಿಡುವ ಬಾಗಿಲು) ನಡುವಿನ ಹೋಸ್‌ನಲ್ಲಿ, ಎಂಜಿನ್ ಮೇಲಿನ ವಾಲ್ವ್ ಕವರಿನಿಂದ ಎಂಜಿನ್ನಿನ ಹಬೆ ತರುವ ಬ್ರೀದರ್ ಪೈಪಿನ ಮೂತಿ ಇರುತ್ತದೆ. ಬ್ರೀದರ್ ಕಳಚಿ, ಅದರ ಬಾಯಿಗೆ ಶುಭ್ರ ಬಟ್ಟೆ ಕಟ್ಟಿ, ಆ ಮೂತಿಗೆ ನಿಮ್ಮ ಪೈಪ್ ಸಿಕ್ಕಿಸಿ. ನಡುವೆ ಒಂದು ಖಾಲಿ ಬಾಟಲಿ ಇರಲೇಬೇಕು, ಇಲ್ಲವಾದರೆ ನೀರು ಎಂಜಿನ್‌ಗೆ ಹೋದೀತು. ಖಾಲಿ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವನ್ನು ಪಕ್ಕದಲ್ಲಿ ಕುಳಿತವರು ಓದಲಿ, ನೀವಲ್ಲ.

ಪ್ರತಿ 10 ಸೆಂ.ಮೀ. ವ್ಯತ್ಯಾಸವೂ ವಾತಾವರಣದ ಒತ್ತಡದ ಸುಮಾರು ಶೇ 1. ವ್ಯತ್ಯಾಸ 20 ಸೆಂ.ಮೀ. ಬಂತೆನ್ನಿ: ಫಿಲ್ಟರನ್ನೇ ಕಿತ್ತೆಸೆದರೂ ಸಿಗುವುದು ಶೇ 2, ಅಂದರೆ ಎರಡು ಬಿಎಚ್‌ಪಿಯೂ ಇಲ್ಲ. ಅದಕ್ಕಿಂತ ತುಂಬಾ ಹೆಚ್ಚು ಬಂದರೆ ಮೊದಲು ಹೊಸ ಪೇಪರ್ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ಬಹಳ ಗಾಡಿಗಳಲ್ಲಿ ಕತೆ ಅಲ್ಲಿಗೇ ಮುಗಿಯುತ್ತದೆ.

ಕೋನ್ ಫಿಲ್ಟರಿನಿಂದ ನಷ್ಟವಾಗುವುದು ಬಿಸಿಯಿಂದ. ಕಂಪನಿಯ ಬಾಕ್ಸ್ ಬಾನೆಟ್ಟಿನ ಹೊರಗಿನ ಗಾಳಿಯನ್ನು ಸೊಂಡಿಲಿನಂಥ ಪೈಪಿನಲ್ಲಿ ಎಳೆದುಕೊಳ್ಳುತ್ತದೆ. ಬರೀ ಕೋನ್ ಹಾಕಿದರೆ ಎಂಜಿನ್ ಪಕ್ಕದ ಕಾದ ಗಾಳಿಯೇ ಗತಿ. ಹೊರಗೆ 35 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಶೇ 7.5ರಷ್ಟು ಇಳಿಯುತ್ತದೆ. ಹೊರಗಿನ ಗಾಳಿಯೂ ಒಳಹೋಗುವ ಹಾದಿಯಲ್ಲಿ ಒಂದಿಷ್ಟು ಕಾಯುವುದರಿಂದ ಅಷ್ಟೂ ನಷ್ಟವಾಗದು. ಆದರೂ 3ರಿಂದ 6 ಬಿಎಚ್‌ಪಿ ಕೈಬಿಟ್ಟಂತೆಯೇ. ಶೇ 2 ಗಳಿಸಲು ಹೋಗಿ ಅದರ ದುಪ್ಪಟ್ಟು ಕಳೆದುಕೊಳ್ಳುವ ವ್ಯಾಪಾರ ಇದು. ಸದ್ದು ಜೋರಾಗುವುದರಿಂದ ಗಾಡಿ ಓಡುತ್ತಿದೆ ಎನಿಸುತ್ತದೆ, ಅಷ್ಟೆ.

ಸದ್ದಿಗಾಗಿಯೇ ಹಾಕುತ್ತೇನೆ ಎಂದಿಟ್ಟುಕೊಳ್ಳಿ. ಸರಿಯಾಗಿ ಹಾಕುವುದು ಹೇಗೆ? — ಬೆಂಗಳೂರು

ಪ್ರಾಮಾಣಿಕ ಪ್ರಶ್ನೆ. ಎಂಜಿನ್ ತಣ್ಣಗಿರಲಿ. 10 ಮಿ.ಮೀ. ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬಾಕ್ಸ್ ಅಥವಾ ಹೋಸ್‌ಗೆ ಚುಚ್ಚಿರುವ ಎರಡು ವೈರಿನ ಗಾಳಿ ತಾಪಮಾನದ ಸೆನ್ಸರನ್ನು ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಹಳೆ ಪ್ಲಾಸ್ಟಿಕ್ ಲಾಕ್ ಕಡ್ಲೇಪುರಿಯಂತೆ ಮುರಿಯುತ್ತದೆ. ಬ್ರೀದರ್ ಪೈಪ್, ಕ್ಲ್ಯಾಂಪ್, ಬಾಕ್ಸಿನ ಬೋಲ್ಟುಗಳು ಬಿಚ್ಚಿದ ಮೇಲೆ ಬಾಕ್ಸ್ ಮೇಲಕ್ಕೆ ಬರುತ್ತದೆ. ಥ್ರಾಟಲ್ ಬಾಯಿಗೆ ಕೂಡಲೇ ಬಟ್ಟೆ ಮುಚ್ಚಿ. ಅಲ್ಲಿ ಬಿದ್ದ ವಾಷರ್ ಹುಡುಕುವುದು ಬೇಡ.

ಪೈಪ್ ಕೊಳ್ಳುವ ಮುಂಚೆ ಥ್ರಾಟಲ್ ಮೂತಿಯ ಹೊರವ್ಯಾಸವನ್ನು ವರ್ನಿಯರ್‌ನಿಂದ ಅಳೆಯಿರಿ. ‘ಯೂನಿವರ್ಸಲ್’ ಎಂದು ಬರೆದ ಕಿಟ್ ಯಾವುದಕ್ಕೂ ಸರಿಹೋಗದ ಕಿಟ್. ಈ ಎಂಜಿನ್‌ಗೆ 63 ಮಿ.ಮೀ. ಪೈಪ್ ಸಾಕು, 6000 ಆರ್‌ಪಿಎಂನಲ್ಲೂ ಅದರೊಳಗೆ ಗಾಳಿಯ ವೇಗ ಸೆಕೆಂಡಿಗೆ 18 ಮೀಟರ್ ಆಸುಪಾಸು. ಮೂತಿ ಅದಕ್ಕಿಂತ ಚಿಕ್ಕದಿದ್ದರೆ ರೆಡ್ಯೂಸರ್ ಸಿಲಿಕೋನ್ ಕಪ್ಲರ್ (ಒಂದು ತುದಿ ಚಿಕ್ಕದಿರುವ ಜೋಡಣೆ ಹೋಸ್) ಹಾಕಿ, ಟೇಪ್ ಸುತ್ತಿ ದಪ್ಪ ಮಾಡಬೇಡಿ. ಸೆನ್ಸರ್‌ಗೆ ಪೈಪಿನಲ್ಲಿ ತೂತು ಕೊರೆದು ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕೂರಿಸಬೇಕು. ಕೊರೆದ ಪುಡಿ ಒಂದು ಚೂರೂ ಉಳಿಯದಂತೆ ಪೈಪ್ ತೊಳೆದು ಒಣಗಿಸಿಯೇ ಜೋಡಿಸಿ. ಬ್ರೀದರ್‌ಗೆ ಅದೇ ಒಳವ್ಯಾಸದ, ಆಯಿಲ್ ತಡೆಯುವ ಹೋಸ್ ಬೇಕು. ಸಾಮಾನ್ಯ ನೀರಿನ ಪೈಪ್ ಆರು ತಿಂಗಳಲ್ಲಿ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ.

ಫಿಲ್ಟರಿನ ಭಾರ ಥ್ರಾಟಲ್ ಮೇಲೆ ನೇತಾಡಬಾರದು. ರಬ್ಬರ್ ಬುಷ್ ಇರುವ ಬ್ರಾಕೆಟ್ ಹಾಕಿ. ಗೇರ್ ಹಾಕಿದಾಗ, ಬಿಟ್ಟಾಗ ಎಂಜಿನ್ ಅಲುಗುವುದರಿಂದ ಬ್ಯಾಟರಿ, ಬಾನೆಟ್‌ಗಳಿಂದ 25 ಮಿ.ಮೀ. ಅಂತರ ಇರಲಿ. ಅಂತರ ತಿಳಿಯಲು ಫಿಲ್ಟರ್ ಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆಯಿರಿ. ಅಪ್ಪಚ್ಚಿಯಾದ ಉಂಡೆಯ ದಪ್ಪವೇ ಅಳತೆ.

ಮುಖ್ಯವಾದದ್ದು ಬಿಸಿ ತಡೆಯುವ ಗೋಡೆ. 1.5 ಮಿ.ಮೀ. ಅಲ್ಯೂಮಿನಿಯಂ ತಗಡಿನಿಂದ ಫಿಲ್ಟರನ್ನು ಎಂಜಿನ್ ಕಡೆಯಿಂದ ಮರೆಮಾಡಿ, ಅಂಚಿಗೆ ಬಾನೆಟ್‌ಗೆ ತಾಗುವಂತೆ ರಬ್ಬರ್ ಬೀಡಿಂಗ್ ಹಾಕಿ, ಕಂಪನಿಯ ಹಳೆ ಸೊಂಡಿಲು ಆ ಕೋಣೆಯೊಳಗೇ ತೆರೆಯುವಂತೆ ಬಿಡಿ. ವೈರ್ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಫಿಲ್ಟರ್ ಪಕ್ಕ ಕಟ್ಟಿ ಓಡಿಸಿ ನೋಡಿ. 60 ಕಿ.ಮೀ. ವೇಗದಲ್ಲಿ ಹೊರಗಿನ ತಾಪಕ್ಕಿಂತ 10 ಡಿಗ್ರಿಗಿಂತ ಹೆಚ್ಚಿದ್ದರೆ ಗೋಡೆ ಎಲ್ಲೋ ಸೋರುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಏರುವುದನ್ನು ಯಾರೂ ತಪ್ಪಿಸಲಾರರು.

ಅಂದ ಹಾಗೆ, ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡವೇ ಕರಾವಳಿಗಿಂತ ಸುಮಾರು ಶೇ 10 ಕಡಿಮೆ. ಅದನ್ನು ತುಂಬಿಕೊಡುವ ಫಿಲ್ಟರ್ ಯಾರೂ ಮಾಡಿಲ್ಲ.

ಇಂಟೇಕ್ ಹಾಕಿದಂದಿನಿಂದ ಐಡ್ಲಿಂಗ್ 800ರಲ್ಲಿ ನಿಲ್ಲದೆ 1500ಕ್ಕೆ ಏರಿ ಇಳಿಯುತ್ತಿದೆ, ಚೆಕ್ ಎಂಜಿನ್ ದೀಪವೂ ಉರಿಯುತ್ತಿದೆ. ಫಿಲ್ಟರ್ ಸರಿಯಿಲ್ಲ ಎನ್ನುತ್ತಾರೆ ಮೆಕ್ಯಾನಿಕ್. ಗಾಡಿ 1.3 ಪೆಟ್ರೋಲ್ ಸ್ವಿಫ್ಟೇ. — ಹಾಸನ

ಫಿಲ್ಟರನ್ನು ದೂರಬೇಡಿ. ನಿಮ್ಮ ಎಂಜಿನ್ ಗಾಳಿಯನ್ನು ಲೆಕ್ಕ ಹಾಕುವುದು ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಗಾಳಿ ಸಿಲಿಂಡರುಗಳಿಗೆ ಹಂಚಿಹೋಗುವ ಕೊಳವೆ) ಒತ್ತಡದ ಸೆನ್ಸರ್‌ನಿಂದ. ಥ್ರಾಟಲ್‌ಗಿಂತ ಮುಂಚೆ ಎಲ್ಲೇ ಸೋರಿದರೂ ಧೂಳು ನುಗ್ಗುತ್ತದೆಯೇ ಹೊರತು ಐಡ್ಲಿಂಗ್ ಕುಣಿಯುವುದಿಲ್ಲ. ಕುಣಿಯಬೇಕಾದರೆ ಸೋರಿಕೆ ಥ್ರಾಟಲ್ ದಾಟಿದ ಮೇಲಿರಬೇಕು. ಬಾಕ್ಸ್ ಕೀಳುವಾಗ ಕೈ ತಾಗಿ ಮ್ಯಾನಿಫೋಲ್ಡ್‌ಗೆ ಸೇರುವ ಪಿಸಿವಿ ಹೋಸ್ (ಎಂಜಿನ್ನಿನ ಹಬೆ ಒಯ್ಯುವುದು) ಅಥವಾ ಬ್ರೇಕ್ ಬೂಸ್ಟರ್ ಹೋಸ್ (ಬ್ರೇಕ್ ಹಗುರವಾಗಿಸುವ ಭಾಗದ್ದು) ಬಿರಿದಿರುತ್ತದೆ. ಹಳೆ ರಬ್ಬರ್ ಬೆರಳಲ್ಲಿ ಬಾಗಿಸಿದರೇ ಬಿರುಕು ಕಾಣುತ್ತದೆ. ಒಂದೊಂದೇ ಹೋಸನ್ನು ಇಕ್ಕಳದಲ್ಲಿ ಮೆತ್ತಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ಆರ್‌ಪಿಎಂ ಇಳಿದು ನಿಲ್ಲುತ್ತದೋ ಅದೇ ಕಳ್ಳ.

ದೀಪಕ್ಕೆ ಬಹುಶಃ ಬೇರೆ ಕಾರಣ: ತಾಪಮಾನದ ಸೆನ್ಸರಿನ ಕನೆಕ್ಟರ್ ಸಿಕ್ಕಿಸದೆ ಬಿಟ್ಟಿರುವುದು. ಹೊಸ ಗಾಡಿಗಳಲ್ಲಿ ಇದಕ್ಕೆ ಪಿ0113 ಕೋಡ್ ಬರುತ್ತದೆ. ನಿಮ್ಮ ಕಾಲದ ಗಾಡಿಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹೊಂದದೇ ಹೋಗುವುದುಂಟು, ಸುಜುಕಿ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ.

ಬಂಪರ್ ಹಿಂದೆ ಕೆಳಗೆ ಫಿಲ್ಟರ್ ಇಟ್ಟರೆ ತಣ್ಣನೆ ಗಾಳಿ ಸಿಗುತ್ತದಲ್ಲ? — ಮಂಗಳೂರು

ಸಿಗುತ್ತದೆ. ಜೂನ್ ಬಂತೆಂದರೆ ನೀರೂ ಸಿಗುತ್ತದೆ. ಈ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 40 ಮಿ.ಲೀ. ಒಂದು ಸಿಲಿಂಡರಿಗೆ ಅದಕ್ಕಿಂತ ಹೆಚ್ಚು ನೀರು ಹೋದರೆ ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ಮುಳುಗಿದಾಗ ಮೇಲಿನಿಂದ ಗಾಳಿ ಬಿಡುವ ಬೈಪಾಸ್ ವಾಲ್ವ್ ಹಾಕಿದರೆ ಅಪಾಯ ಕಡಿಮೆಯಾದೀತು. ನಿಮ್ಮೂರಿನ ಮಳೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿದ ಮೇಲೆಯೇ ಕ್ರ್ಯಾಂಕ್ ತಿರುಗಿಸಬೇಕು. ‘ಎಂಜಿನ್ ಪ್ರೊಟೆಕ್ಟ್’ ಸೇರಿಸದ ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಹಣ ಸಿಗುವುದು ಕಷ್ಟ.

ಸ್ವಿಫ್ಟ್ ಡೀಸೆಲ್‌ಗೆ ಆಯಿಲ್ ಹಾಕುವ ಕಾಟನ್ ಫಿಲ್ಟರ್ ಹಾಕಬಹುದೇ? — ಹೊಸಪೇಟೆ

ಬೇಡ. ಡೀಸೆಲ್‌ನಲ್ಲಿ ಗಾಳಿ ಅಳೆಯುವ ಬಿಸಿ ಫಿಲ್ಮ್ ಸೆನ್ಸರ್ ಇದೆ. ಆಯಿಲ್ ಜಾಸ್ತಿಯಾದರೆ ಅದು ಸೆನ್ಸರ್ ಮೇಲೆ ಕೂತು ಧೂಳು ಹಿಡಿಸಿಕೊಂಡು ಅಳತೆ ಕೆಡಿಸುತ್ತದೆ. ಅದಕ್ಕಿಂತ, ನಿಮ್ಮ ಕಡೆಯ ಅದಿರಿನ ಕೆಂಪು ಧೂಳಿಗೆ ಪೇಪರ್ ಫಿಲ್ಟರೇ ಮೇಲು, ಸಣ್ಣ ಕಣಗಳನ್ನು ಅದೇ ಚೆನ್ನಾಗಿ ಹಿಡಿಯುತ್ತದೆ. ಪುಸ್ತಕದಲ್ಲಿ ಹೇಳಿದ ಅಂತರದ ಅರ್ಧಕ್ಕೇ ಬದಲಿಸಿ.

ಕಾಟನ್ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆಯಬಹುದೇ? — ತುಮಕೂರು

ಕೂಡದು. ಪೆಟ್ರೋಲೂ ಬೇಡ, ಕಂಪ್ರೆಸರ್ ಗಾಳಿಯೂ ಬೇಡ. ಅದರ ಕ್ಲೀನರ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಒಳಗಿನಿಂದ ಹೊರಕ್ಕೆ ನಲ್ಲಿ ನೀರು ಬಿಡಿ. ನೆರಳಲ್ಲಿ ಒಂದು ರಾತ್ರಿ ಒಣಗಲಿ. ಮಡಿಕೆಗೊಂದು ಗೆರೆಯಂತೆ ಫಿಲ್ಟರ್ ಆಯಿಲ್ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಬಿಳಿ ಉಳಿದಲ್ಲಿ ಮಾತ್ರ ಮತ್ತೊಂದು ಹನಿ. ತೊಟ್ಟಿಕ್ಕುವಷ್ಟು ಹಾಕಿದ್ದರೆ ಹೆಚ್ಚಾಯಿತು.

ಆರ್‌ಟಿಒ ಹಿಡಿದರೆ? — ಹುಬ್ಬಳ್ಳಿ

ಬಾಕ್ಸಿನೊಳಗೆ ಅದೇ ಅಳತೆಯ ಬೇರೆ ಫಿಲ್ಟರ್ ಹಾಕುವುದು ಸರ್ವಿಸ್ ಕೆಲಸ. ಬಾಕ್ಸನ್ನೇ ಕಿತ್ತರೆ ವಾದಕ್ಕೆ ಎಡೆ ಮಾಡಿಕೊಟ್ಟಂತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಕಾನೂನುಬಾಹಿರ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಹಳೆ ಬಾಕ್ಸನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಿ. ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.